ಎರಡನೆಯ ನೋವಿಗೂ ಒಂದು ಹೆಸರಿತ್ತು

ಸಿಂದಗಿಯ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ನಾನು ಡ್ರಿಲ್ ಕಲಿಸುತ್ತಿದ್ದೆ. ಸರೋಜಾ ಎಂಬ ನನ್ನ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಇತ್ತು. ಹುಡುಗಿಯರಿಗೆ, ಅವರ ತಾಯಂದಿರಿಗೆ, ಸಂತೆಯಲ್ಲಿ ಮೆಣಸಿನಕಾಯಿ ಮಾರುವವರಿಗೆ ಕೂಡ ನಾನು ಡ್ರಿಲ್ ಅಕ್ಕೋರು. ಸೆರಗನ್ನು ಸೊಂಟಕ್ಕೆ ಬಿಗಿದುಕೊಂಡು ಖೊಖೊ ಆಟದಲ್ಲಿ ಹುಡುಗಿಯರನ್ನು ಬೆನ್ನಟ್ಟಿ ಓಡುತ್ತಿದ್ದೆ. ಎಪ್ಪತ್ತರ ದಶಕದ ಆರಂಭ ಅದು. ಮದುವೆಯಾದ ಹೆಂಗಸು ಮೈದಾನದಲ್ಲಿ ಓಡುವುದನ್ನು ಕಂಪೌಂಡ್ ಗೋಡೆಯ ಆಚೆ ನಿಂತು ನೋಡಿ ಹೋಗುವ ಜನ ಇದ್ದರು. ನೋಡಲಿ ಎಂದೇ ನಾನು ಇನ್ನಷ್ಟು ಜೋರಾಗಿ ಓಡುತ್ತಿದ್ದೆ.

ನನ್ನ ತವರು ಬಸವನ ಬಾಗೇವಾಡಿ, ಗಂಡನ ಮನೆ ಮುದ್ದೇಬಿಹಾಳ. ಗಂಡ ಈರಣ್ಣ ನನ್ನ ನೌಕರಿಗಾಗಿ ತಾವೇ ಊರು ಬಿಟ್ಟು ಬಂದು ಸಿಂದಗಿಯ ಬಸ್ ಸ್ಟ್ಯಾಂಡಿನ ಹತ್ತಿರ ಸೈಕಲ್ ಅಂಗಡಿ ಹಾಕಿದ್ದರು. ನಮಗೆ ಒಬ್ಬಳೇ ಮಗಳು, ವಿಜಯಾ. ಆಗ ಅವಳು ಕನ್ನಡ ಸಾಲಿಗೆ ಹೋಗಲು ಶುರುಮಾಡಿದ್ದಳಷ್ಟೆ.

ರಕ್ತದ ರಿಪೋರ್ಟು ಸರಿ ಇದ್ದೂ ಮೈ ಸರಿಯಿಲ್ಲದೆ ಯಾವುದೋ ದವಾಖಾನೆಯ ಬೆಂಚಿನ ಮೇಲೆ ಕೂತಿರುವ ಹೆಂಗಸರಿದ್ದಾರೆ. ಅವರು ಓದಲಿ ಎಂದು ಇದನ್ನು ಬರೆಯುತ್ತಿದ್ದೇನೆ. ನಾನು ಆ ಬೆಂಚಿನ ಮೇಲೆ ಬಹಳ ದಿನ ಕೂತಿದ್ದೆ. ಅಲ್ಲಿಂದ ಎದ್ದೂ ಬಂದೆ.

ಒಂದು ಚಳಿಗಾಲದ ಬೆಳಿಗ್ಗೆ, ಡ್ರಿಲ್ಲಿನಲ್ಲಿ ಝಣಝಣ ಆಡಿಸುವ ಲೇಜಿಮು ಹಿಡಿಯಲು ಹೋದರೆ ಬೆರಳು ಮಡಚಲಿಲ್ಲ. ಚಳಿಗೆ ಹೀಗಾಗಿದೆ ಅಂದುಕೊಂಡೆ. ಬಿಸಿಲೇರಿದ ಮೇಲೆ ಬೆರಳು ಬಿಚ್ಚಿಕೊಂಡವು, ಮರೆತೂ ಬಿಟ್ಟೆ. ಆದರೆ ಮರುದಿನವೂ ಹಾಗೆಯೇ, ಮುಂದಿನ ವಾರವೂ ಹಾಗೆಯೇ. ಬೆರಳಿನ ಗೆಣ್ಣುಗಳು ಊದಿದವು, ಮುಂಗೈ ಊದಿತು, ಆಮೇಲೆ ಪಾದ. ಕಾಲುಂಗುರ ಬೆರಳಿನ ಮಾಂಸದೊಳಗೆ ಹೂತುಹೋದಾಗ ಈರಣ್ಣನವರು ನನ್ನನ್ನು ಅಂಗಡಿಯ ಸ್ಟೂಲಿನ ಮೇಲೆ ಕೂರಿಸಿ, ಕಬ್ಬಿಣ ಕೊಯ್ಯುವ ಸಣ್ಣ ಗರಗಸದಿಂದ ಅದನ್ನು ಕತ್ತರಿಸಿದರು. ಪಕ್ಕದ ಮನೆಯಾಕೆ ಮುತ್ತೈದೆಯ ಕಾಲುಂಗುರ ಕತ್ತರಿಸಬಾರದಿತ್ತು ಅಂದಳು. ಕಾಲು ಉಳಿದರೆ ಉಂಗುರ ಇನ್ನೊಂದು ಸಿಗುತ್ತದೆ ಎಂದು ಇವರು ಅವಳಿಗೆ ಹೇಳಿ ಕಳಿಸಿದರು.

ವಿಜಾಪುರದ ದೊಡ್ಡ ದವಾಖಾನೆಯಲ್ಲಿ ರಕ್ತ ತೆಗೆದು, ಎಕ್ಸ್‌ರೇ ನೋಡಿ, ಸಂಧಿವಾತ ಅಂದರು. ಮುದುಕರ ಮೊಣಕಾಲು ನೋವಲ್ಲ, ಬೇರೆ ಜಾತಿಯದು, ಎಳೆ ವಯಸ್ಸಿನವರಿಗೂ ಬರುತ್ತದೆ, ಬೇಗ ಹಿಡಿದಿದ್ದು ಒಳ್ಳೆಯದಾಯಿತು ಎಂದು ವಿವರಿಸಿದರು. ಆ ದಿನ ಹೊರಗಿನ ಬೆಂಚಿನ ಮೇಲೆ ನನ್ನ ಪಕ್ಕ ಒಬ್ಬ ಮುದುಕಿ ಕೂತಿದ್ದಳು. ಅವಳ ಬೆರಳುಗಳೆಲ್ಲ ಒಂದೇ ಕಡೆಗೆ ವಾಲಿದ್ದವು, ಗಾಳಿಗೆ ಬಾಗಿದ ಜೋಳದ ದಂಟಿನ ಹಾಗೆ. ನನ್ನ ಕೈಯನ್ನು ಸೆರಗಿನೊಳಗೆ ಮುಚ್ಚಿಟ್ಟುಕೊಂಡೆ. ಅವಳು ಅದನ್ನು ನೋಡಿ ಬೇಸರಪಟ್ಟುಕೊಳ್ಳಲಿಲ್ಲ. ತನ್ನ ಬುತ್ತಿಯ ಗಂಟು ಹಲ್ಲಿನಿಂದ ಬಿಚ್ಚಿ, ಅರ್ಧ ರೊಟ್ಟಿ ಮುರಿದು ನನ್ನ ಮಡಿಲಿಗೆ ಹಾಕಿದಳು.

ಚಿಕಿತ್ಸೆ ನಮ್ಮ ಸಿಂದಗಿಯ ಡಾಕ್ಟರರ ಕೈಗೆ ಬಂತು. ಅವರು ಒಳ್ಳೆಯ ಮನುಷ್ಯ, ಸಾವಧಾನಿ. ಕಿವಿಯಲ್ಲಿ ಗುಂಯ್ ಅನ್ನುವಷ್ಟು ಆಸ್ಪಿರಿನ್ ಗುಳಿಗೆ, ಸ್ವಲ್ಪ ಸ್ಟೀರಾಯ್ಡ್, ವಾರಕ್ಕೊಮ್ಮೆ ಬಂಗಾರದ ಇಂಜೆಕ್ಷನ್. ಹೌದು, ಬಂಗಾರವೇ. ಆ ಕಾಲದಲ್ಲಿ ಸಂಧಿವಾತಕ್ಕೆ ಅದನ್ನು ಕೊಡುತ್ತಿದ್ದರು. ಇಂಡಿಯಲ್ಲಿದ್ದ ನನ್ನ ಅಕ್ಕ ಶಾರದಾ, ಅವಳ ಗಂಡನದು ಲಿಂಬೆಹಣ್ಣಿನ ವ್ಯಾಪಾರ, ಈ ಸುದ್ದಿ ಕೇಳಿ ಒಂದು ಚೀಲ ಲಿಂಬೆಯೊಡನೆ ಬಂದಿಳಿದಳು.

"ಮಂದಿ ಬಂಗಾರ ಕೊರಳಾಗ ಹಾಕ್ಕೋತಾರ, ನೀ ಮೈಯಾಗ ಹಾಕ್ಕೊಳಾಕತ್ತಿ," ಅಂದಳು. "ಕಳ್ಳರ ಕಾಟ ಇಲ್ಲ ಬಿಡು."

ಆ ದಿನಗಳಲ್ಲಿ ನಾನು ನಕ್ಕಿದ್ದು ಅಕ್ಕ ಬಂದಾಗ ಮಾತ್ರ.

ಬಂಗಾರ ತಡವಾಗಿಯಾದರೂ ಕೆಲಸ ಮಾಡಿತು. ಮಳೆಗಾಲ ಮುಗಿಯುವ ಹೊತ್ತಿಗೆ ಬೆರಳಿನ ಬಾವು ಇಳಿಯಿತು. ಮುಷ್ಟಿ ಕಟ್ಟಲು ಬಂತು. ಡಾಕ್ಟರರು ಖುಷಿಯಿಂದ ಕಂಪೌಂಡರನನ್ನು ಕರೆದು ನನ್ನ ಕೈ ತೋರಿಸಿದರು. ನಾನೂ ಗೆದ್ದೆ ಅಂದುಕೊಂಡೆ.

ಎರಡನೆಯ ನೋವು ಬಂದದ್ದು ಆಗ. ಅದು ಯಾವ ದಿನ ಬಂತೋ ನನಗೆ ಗೊತ್ತಿಲ್ಲ. ಸಂಧಿವಾತ ಬಂದದ್ದು ಗೊತ್ತಾಗಿತ್ತು, ಇದು ಸದ್ದಿಲ್ಲದೆ ಒಳಗೆ ಬಂದು ಕೂತಿತ್ತು. ಗೆಣ್ಣುಗಳು ಚೆನ್ನಾಗಿದ್ದವು. ಆದರೆ ಕುತ್ತಿಗೆ, ಹೆಗಲು, ಸೊಂಟ, ತೊಡೆ, ಗೆಣ್ಣೇ ಇಲ್ಲದ ಜಾಗಗಳೆಲ್ಲ ನೋಯತೊಡಗಿದವು. ಮಲಗುತ್ತಿದ್ದೆ, ನಿದ್ದೆಯೂ ಬರುತ್ತಿತ್ತು, ಆದರೆ ಎದ್ದಾಗ ರಾತ್ರಿಯಿಡೀ ಮೂಟೆ ಹೊತ್ತವಳಂತೆ ದಣಿದಿರುತ್ತಿದ್ದೆ. ರವಿಕೆಯ ತೋಳು ಬಿಗಿಯಾದರೆ ನೋವು. ಬಳೆ ಜಾರಿ ಮುಂಗೈಗೆ ತಾಗಿದರೆ ನೋವು. ಹೆಗಲಿಗೆ ಜೋಳಿಗೆ ಹಾಕಿಕೊಂಡರೆ ಕಣ್ಣಲ್ಲಿ ನೀರು. ಓದಿದ ಸಾಲು ಮರುಕ್ಷಣ ಮರೆತುಹೋಗುತ್ತಿತ್ತು. ಹುಡುಗಿಯರ ಹೆಸರು ನಾಲಿಗೆಯ ತುದಿಗೆ ಬಂದು ನಿಂತುಬಿಡುತ್ತಿತ್ತು.

ವಿಜಯಾ ಸಾಲಿಯಿಂದ ಬಂದವಳೇ ಓಡಿ ಬಂದು ಬೀಳುವ ಹುಡುಗಿ. ಒಂದೆರಡು ಸಲ ನಾನು ಚೀರಿದೆ. ಆಮೇಲೆ ಅವಳು ಬಾಗಿಲಲ್ಲೇ ನಿಂತು ಕೇಳತೊಡಗಿದಳು, "ಅವ್ವಾ, ಮುಟ್ಲೇನ?" ಎಂದು. ಆ ಪ್ರಶ್ನೆಯಷ್ಟು ನೋವು ನನಗೆ ಯಾವ ಸಂಧಿಯೂ ಕೊಡಲಿಲ್ಲ.

ಡಾಕ್ಟರರು ಮತ್ತೆ ರಕ್ತ ನೋಡಿದರು. ಬೆರಳು ಒತ್ತಿ ನೋಡಿದರು. ಗೊಂದಲದಲ್ಲಿ ತಲೆ ಕೆರೆದುಕೊಂಡರು.

"ಅಕ್ಕೋರ, ರಕ್ತ ಛಲೋ ಐತಿ, ಬಾವೂ ಇಳದೈತಿ. ಇನ್ನ ನಿಮಗ ನೋವು ಬರಬಾರದ್ರಿ."

"ಬರಬಾರದು, ಖರೇ ಐತ್ರಿ," ಅಂದೆ. "ಆದ್ರ ಬರಾಕತ್ತೈತಿ."

ನೋವು ಇದೆ ಅಂದರೆ ಸಂಧಿವಾತವೇ ಒಳಗೊಳಗೆ ಕೆರಳಿದೆ ಎಂದು ಅವರು ಸ್ಟೀರಾಯ್ಡ್ ಹೆಚ್ಚಿಸಿದರು. ನನ್ನ ಮುಖ ಪೂರಿಯಂತೆ ಉಬ್ಬಿತು. ಹಸಿವು ಹೆಚ್ಚಾಯಿತು. ನೋವು ಮಾತ್ರ ಅಷ್ಟೇ ಇತ್ತು. ಮತ್ತೆ ಹೆಚ್ಚಿಸಿದರು. ಕೊನೆಗೊಂದು ದಿನ, ಬಹಳ ಮೃದುವಾಗಿಯೇ, ಮನೆಯಲ್ಲಿ ಏನಾದರೂ ತ್ರಾಸು ಇದೆಯೇ, ಗಂಡ ಚೆನ್ನಾಗಿ ನೋಡಿಕೊಳ್ಳುತ್ತಾರೆಯೇ ಎಂದು ಕೇಳಿದರು. ಹೊರಗೆ ಸೈಕಲ್ ಹಿಡಿದುಕೊಂಡು ನಿಂತಿದ್ದ ಈರಣ್ಣನವರ ಮುಖ ಕಿಟಕಿಯಿಂದ ಕಾಣುತ್ತಿತ್ತು. ನಾನು ಚೀಟಿ ತೆಗೆದುಕೊಂಡು ಎದ್ದು ಬಂದೆ.

ಊರು ಕೂಡ ಗಮನಿಸಿತ್ತು. ಮುಖ ತುಂಬಿಕೊಂಡಿದೆ, ಮೈಗೆ ಬಣ್ಣ ಬಂದಿದೆ, ಕೈ ಊದಿಲ್ಲ, ಆದರೂ ಅಕ್ಕೋರು ಮೈದಾನದಲ್ಲಿ ಕುರ್ಚಿ ಹಾಕಿಸಿಕೊಂಡು ಕೂರುತ್ತಾರೆ. ನಮ್ಮ ಶಾಲೆಯ ಹೆಡ್ ಬಾಯೋರು ಕೆಟ್ಟವರಲ್ಲ. ಒಂದು ಮಧ್ಯಾಹ್ನ ಕೋಣೆಗೆ ಕರೆದು ಚಹಾ ತರಿಸಿ ಹೇಳಿದರು, "ಹುಡುಗೀರು ಬಿಸಲಾಗ ನಿಂತಿರತಾರ, ನೀವು ಕುರ್ಚಿ ಮ್ಯಾಲ ಇರತೀರಿ. ನೋಡಾಕ ಹ್ಯಾಂಗ ಕಾಣತೈತಿ ನೀವ ಹೇಳ್ರಿ." ಇಲಾಖೆಗೆ ದೂರು ಹೋಗಿದೆ, ಬರುವ ಬೇಸಿಗೆ ರಜೆ ಮುಗಿಯುವ ಮೊದಲು ವಿಜಾಪುರದಲ್ಲಿ ದೊಡ್ಡ ಡಾಕ್ಟರರ ಮುಂದೆ ಹಾಜರಾಗಬೇಕಾಗಬಹುದು, ಡ್ರಿಲ್ ಕಲಿಸಲು ಮೈ ಯೋಗ್ಯವಿಲ್ಲ ಎಂದರೆ ನೌಕರಿಯಿಂದ ಬಿಡಿಸುತ್ತಾರೆ ಎಂದೂ ತಿಳಿಸಿದರು. ಚಹಾ ಆರಿ ಹೋಯಿತು. ಕಪ್ಪು ಎತ್ತಿದರೆ ಹೆಗಲು ಎಳೆಯುತ್ತಿತ್ತು ಎಂದು ನಾನು ಅದನ್ನು ಮುಟ್ಟಿರಲಿಲ್ಲ.

ಮರುವರ್ಷದ ದೀಪಾವಳಿಗೆ ಬಂದ ಅಕ್ಕ ನನ್ನನ್ನು ನೋಡಿದಳು. ಈ ಸಲ ಚೇಷ್ಟೆ ಮಾಡಲಿಲ್ಲ. ಸೊಲ್ಲಾಪುರದಲ್ಲಿ ತನ್ನ ಓಣಿಯ ಒಬ್ಬಾಕೆಯ ಸಂಧಿವಾತ ನೋಡಿದ ಡಾಕ್ಟರಬಾಯಿ ಇದ್ದಾರೆ, ಅಲ್ಲಿಗೆ ಹೋಗೋಣ ಅಂದಳು. ಎಷ್ಟು ಡಾಕ್ಟರರು, ಎಷ್ಟು ಬೆಂಚು, ನನಗೆ ಸಾಕಾಗಿದೆ ಅಂದೆ. ನೀನು ಸಾಕಾಗಿ ಕೂತುಕೋ, ನಾನು ಎತ್ತಿಕೊಂಡು ಹೋಗುತ್ತೇನೆ ಎಂದು ಅವಳು ನನ್ನ ಸೀರೆ ಮಡಚಿ ಚೀಲಕ್ಕೆ ತುಂಬಿದಳು. ವಿಜಯಾಳನ್ನು ಈರಣ್ಣನವರ ಹತ್ತಿರ ಬಿಟ್ಟು, ಬಸ್ಸಿನಲ್ಲಿ ಇಂಡಿಗೆ, ಅಲ್ಲಿಂದ ಇಂಡಿ ರೋಡ್ ಸ್ಟೇಷನ್ನಿಗೆ, ಅಲ್ಲಿಂದ ರೈಲಿನಲ್ಲಿ ಸೊಲ್ಲಾಪುರಕ್ಕೆ ಹೋದೆವು. ಬಸ್ಸು ಕುಲುಕಿದಾಗಲೆಲ್ಲ ಅಕ್ಕ ತನ್ನ ತೊಡೆಯ ಮೇಲೆ ನನ್ನ ಕಾಲು ಎತ್ತಿಟ್ಟುಕೊಳ್ಳುತ್ತಿದ್ದಳು.

ಆ ದವಾಖಾನೆಯ ಹೊರಗಿನ ಪಡಸಾಲೆ ತುಂಬಿ ಹೋಗಿತ್ತು. ಮರಾಠಿ, ಕನ್ನಡ, ತೆಲುಗು, ಉರ್ದು ಎಲ್ಲ ಭಾಷೆಯಲ್ಲೂ ಜನ ನರಳುತ್ತಿದ್ದರು. ಒಬ್ಬಾಕೆ ಎದ್ದು ತನ್ನ ಜಾಗ ನನಗೆ ಕೊಟ್ಟಳು. ನನಗಿಂತ ಅವಳ ಕಾಲೇ ಹೆಚ್ಚು ಊದಿತ್ತು. ಬೇಡ ಅಂದರೂ ಕೇಳಲಿಲ್ಲ. ಕೊನೆಗೆ ಇಬ್ಬರೂ ಅರ್ಧರ್ಧ ಕೂತೆವು. ಮಧ್ಯಾಹ್ನ ದಾಟಿದ ಮೇಲೆ ನನ್ನ ಹೆಸರು ಕರೆದರು.

ಡಾಕ್ಟರಬಾಯಿಗೆ ಐವತ್ತು ದಾಟಿರಬೇಕು. ಬಿಳಿ ಕೋಟಿನ ಕೆಳಗೆ ನೂಲಿನ ಸೀರೆ, ಕಾಲಲ್ಲಿ ಗಂಡಸರ ಚಪ್ಪಲಿ. ನಾನು ರಿಪೋರ್ಟುಗಳ ಕಟ್ಟು ಮುಂದೆ ಚಾಚಿದೆ. ಅವರು ಅದನ್ನು ಮೇಜಿನ ಒಂದು ಮೂಲೆಗೆ ಸರಿಸಿ, ಮೊದಲು ನಿದ್ದೆಯ ಬಗ್ಗೆ ಕೇಳಿದರು. ಅಷ್ಟು ದಿನದಲ್ಲಿ ನನ್ನ ನಿದ್ದೆಯ ಬಗ್ಗೆ ಕೇಳಿದ ಮೊದಲ ಡಾಕ್ಟರು ಅವರು.

"ಮುಂಜಾನೆ ಏಳೂಮುಂದ ಮೈ ಹ್ಯಾಂಗಿರತೈತಿ?"

"ರಾತ್ರಿ ಎಲ್ಲಾ ಯಾರೋ ಬಡದು ಮಲಗಿಸಿದಂಗ ಇರತೈತ್ರಿ."

ಅವರು ನನ್ನ ಬೆರಳಿನ ಒಂದೊಂದು ಗೆಣ್ಣನ್ನೂ ಮೆಲ್ಲಗೆ ಹಿಚುಕಿದರು. ನೋಯಲಿಲ್ಲ. ಮುಂಗೈ, ಮೊಣಕಾಲು, ಪಾದ, ಎಲ್ಲ ನೋಡಿದರು. ಅಲ್ಲೂ ಅಂಥ ನೋವಿರಲಿಲ್ಲ. ಆಮೇಲೆ ಹಿಂದೆ ಬಂದು ನಿಂತು, ಕುತ್ತಿಗೆ ಮತ್ತು ಹೆಗಲಿನ ನಡುವೆ ಹೆಬ್ಬೆರಳು ಇಟ್ಟು ಒತ್ತಿದರು. ನಾನು ಕುರ್ಚಿಯಿಂದ ಜಿಗಿದೆ. ಇನ್ನೊಂದು ಹೆಗಲಿನಲ್ಲೂ ಅದೇ ಜಾಗ. ಮತ್ತೆ ಜಿಗಿದೆ. ಮೊಣಕೈಯ ಪಕ್ಕ, ಸೊಂಟದ ಕೆಳಗೆ, ಮೊಣಕಾಲಿನ ಒಳಬದಿ, ಅವರ ಹೆಬ್ಬೆರಳು ಹೋದಲ್ಲೆಲ್ಲ ನೋವು ಕಾದು ಕೂತಿತ್ತು. ನಡುವೆ ಹಣೆಯನ್ನೂ ಹಾಗೆಯೇ ಒತ್ತಿದರು. ಅಲ್ಲಿ ಏನೂ ಆಗಲಿಲ್ಲ. ಬಾಗಿಲ ಬಳಿ ನಿಂತಿದ್ದ ಅಕ್ಕ ಬಾಯಿಗೆ ಸೆರಗು ಹಿಡಿದುಕೊಂಡಿದ್ದಳು. ಎಲ್ಲಿ ನೋಯುತ್ತದೆಂದು ನಾನು ಇನ್ನೂ ಹೇಳಿರಲೇ ಇಲ್ಲ.

ಡಾಕ್ಟರಬಾಯಿ ನನ್ನ ಎದುರು ಕೂತರು.

"ಇವು ಎರಡು ಜಡ್ಡು ಅದಾವ ನೋಡವಾ. ಒಂದು ಸಂಧಿಯೊಳಗಿಂದು. ಅದನ್ನ ನಿಮ್ಮೂರ ಡಾಕ್ಟರು ಛಲೋ ಹಿಡದಾರ. ಇನ್ನೊಂದು ಬ್ಯಾರೆ. ಅದು ಬಂದಿದ್ದು ಯಾರ ಕಣ್ಣಿಗೂ ಬಿದ್ದಿಲ್ಲ. ಮೊದಲಿನದಕ್ಕ ಕೊಡೂ ಔಷಧ ಎಷ್ಟು ಹೆಚ್ಚ ಮಾಡಿದ್ರೂ ಎರಡನೇದಕ್ಕ ನಾಟೂದಿಲ್ಲ."

"ಹಂಗಾರ ಇದು ನನ್ನ ಭ್ರಮಿ ಅಲ್ಲೇನ್ರಿ?"

"ಭ್ರಮಿ ಆಗಿದ್ರ ಎರಡೂ ಕಡೆ ಒಂದ ಜಾಗಾದಾಗ ಹಿಂಗ ಜಿಗೀತಿದ್ದಿಲ್ಲ. ನಿಮಗ ನೋವು ಐತಿ."

ಫೈಬ್ರೊಸೈಟಿಸ್ ಎಂದು ಅವರು ಅದರ ಹೆಸರು ಹೇಳಿದರು. ಈಗ ಅದಕ್ಕೆ ಫೈಬ್ರೊಮಯಾಲ್ಜಿಯ ಅನ್ನುತ್ತಾರೆ. ಸಂಧಿವಾತ ಇದ್ದವರಿಗೆ ಇದು ಜೊತೆಗೂಡುವುದುಂಟು, ರಕ್ತದಲ್ಲಿ ಕಾಣುವುದಿಲ್ಲ, ಎಕ್ಸ್‌ರೇಯಲ್ಲಿ ಕಾಣುವುದಿಲ್ಲ, ಇದನ್ನು ಒಪ್ಪದ ಡಾಕ್ಟರರೂ ಇದ್ದಾರೆ ಎಂದು ಮುಚ್ಚುಮರೆಯಿಲ್ಲದೆ ತಿಳಿಸಿದರು. ಕೈಕಾಲು ಸೊಟ್ಟ ಮಾಡುವ ಜಡ್ಡು ಇದಲ್ಲ ಎಂದೂ ಸೇರಿಸಿದರು. ಎಂದೂ ಕಣ್ಣೀರು ಹಾಕದ ನನ್ನ ಅಕ್ಕ, ಹಿಂದೊಮ್ಮೆ ಗಂಡನ ವ್ಯಾಪಾರ ಮುಳುಗಿದಾಗಲೂ ಅಳದವಳು, ಅಲ್ಲೇ ಗೋಡೆಗೆ ಒರಗಿ ಅತ್ತಳು. ನಾನು ಅಳಲಿಲ್ಲ. ನನಗೆ ನಗು ಬಂತು. ಒಂದು ವರ್ಷ ಹೆಸರಿಲ್ಲದೆ ನನ್ನ ಮೈಯಲ್ಲಿ ಬಿಡಾರ ಹೂಡಿದ್ದರ ಕುತ್ತಿಗೆಪಟ್ಟಿ ಕೊನೆಗೂ ಯಾರೋ ಹಿಡಿದಿದ್ದರು.

ವಾಪಸು ಬರುವ ರೈಲಿನಲ್ಲಿ ಅಕ್ಕ ಬೋಗಿಯ ತುಂಬ ಈ ಸುದ್ದಿ ಹಂಚಿದಳು. "ನಮ್ಮ ಸರೂಗ ಪೈಬರಸಾಯ್ಟ ಐತ್ರಿ" ಎಂದು ಎದುರು ಕೂತ ಅಪರಿಚಿತರಿಗೆ ಹೇಳುತ್ತಿದ್ದಳು, ತಂಗಿ ದೊಡ್ಡ ಪರೀಕ್ಷೆ ಪಾಸಾದವಳೋ ಅನ್ನುವ ಹಾಗೆ. ಅವರೂ ತಲೆದೂಗುತ್ತಿದ್ದರು.

ಚಿಕಿತ್ಸೆ ಕೇಳಲು ಸರಳ, ಮಾಡಲು ಕಠಿಣ. ಬಂಗಾರದ ಇಂಜೆಕ್ಷನ್ ಮುಂದುವರಿಯಬೇಕು. ಸ್ಟೀರಾಯ್ಡ್ ಒಮ್ಮೆಲೇ ಬಿಡದೆ ಚೂರುಚೂರಾಗಿ ಇಳಿಸಬೇಕು. ರಾತ್ರಿ ಊಟವಾದ ಮೇಲೆ ಒಂದು ಸಣ್ಣ ಗುಳಿಗೆ, ಆಳವಾದ ನಿದ್ದೆಗಾಗಿ. ಸಂಜೆ ಬಿಸಿನೀರು. ಮತ್ತೆ, ದಿನವೂ ಮೈ ಆಡಿಸಬೇಕು. ನಾನು ಡ್ರಿಲ್ ಕಲಿಸುವವಳೆಂದು ತಿಳಿದ ಡಾಕ್ಟರಬಾಯಿ ಇದೊಂದನ್ನು ಎರಡು ಸಲ ಹೇಳಿದ್ದರು: "ಛಲೋ ಅನಿಸಿದ ದಿನ ಜಾಸ್ತಿ ಮಾಡಬ್ಯಾಡ್ರಿ, ಕೆಟ್ಟ ಅನಿಸಿದ ದಿನ ಬಿಡಬ್ಯಾಡ್ರಿ." ಸಿಂದಗಿಯ ಡಾಕ್ಟರರಿಗೆ ಅವರು ಬರೆದು ಕೊಟ್ಟಿದ್ದನ್ನು ತೋರಿಸಿದೆ. ಅವರು ಪೂರ್ತಿ ಓದಿ, ಎದ್ದು ಬಂದು ನನ್ನ ಹೆಗಲ ಮೇಲೆ ಅದೇ ಜಾಗ ಹುಡುಕಿ ಒತ್ತಿ ನೋಡಿದರು. ನಾನು ಜಿಗಿದಾಗ ಅವರ ಮುಖ ಅರಳಿತು. ತಾವೂ ಇದನ್ನು ಕಲಿತಂತಾಯಿತು ಎಂದರು, ಆ ಮೇಲೆ ನನ್ನ ಸ್ಟೀರಾಯ್ಡ್ ಇಳಿಸುವ ಕೆಲಸವನ್ನು ತುಂಬ ಕಾಳಜಿಯಿಂದ ಮಾಡಿದರು.

ನಡೆಯಲು ಹೊರಟರೆ ಪಾದ ಇನ್ನೂ ಸೂಕ್ಷ್ಮ. ರಸ್ತೆಯ ಕಲ್ಲು ಚುಚ್ಚುತ್ತಿತ್ತು. ಈರಣ್ಣನವರು ಎರಡು ದಿನ ಏನೋ ಯೋಚಿಸಿ, ಹೆಂಗಸರ ಹಳೆಯ ಸೈಕಲ್ಲೊಂದನ್ನು ಹಿತ್ತಲಿಗೆ ತಂದರು. ಕಬ್ಬಿಣದ ಸ್ಟ್ಯಾಂಡು ಮಾಡಿ, ಹಿಂದಿನ ಗಾಲಿ ನೆಲಕ್ಕೆ ತಾಗದ ಹಾಗೆ ನಿಲ್ಲಿಸಿದರು. ಸೀಟಿಗೆ ಹತ್ತಿಯ ಮೆತ್ತೆ ಕಟ್ಟಿದರು, ಹ್ಯಾಂಡಲಿಗೆ ಬಟ್ಟೆ ಸುತ್ತಿ ದಪ್ಪ ಮಾಡಿದರು. ಬೆಳಿಗ್ಗೆ ಬಿಸಿಲು ಬಂದ ಮೇಲೆ ನಾನು ಅದರ ಮೇಲೆ ಕೂತು ತುಳಿಯುತ್ತಿದ್ದೆ. ಪಕ್ಕದ ಮನೆಯವರು ಗೋಡೆಯ ಮೇಲಿಂದ ಇಣುಕಿ, ಎಲ್ಲಿಗೂ ಹೋಗದ ಸೈಕಲ್ಲು ತುಳಿಯುವ ಹೆಂಗಸನ್ನು ನೋಡಿ ಗಾಬರಿಯಾದರು. ವಿಜಯಾಳಿಗೆ ಮಾತ್ರ ಅದು ಎಲ್ಲಿಗೋ ಹೋಗುತ್ತಿದೆ ಎಂಬ ಬಗ್ಗೆ ಸಂಶಯವಿರಲಿಲ್ಲ.

"ಅವ್ವಾ, ಇವತ್ತ ಎಲ್ಲಿ ಮಟಾ ಬಂದಿ?"

"ಇನ್ನೂ ಸಿಂದಗಿ ಊರ ಮುಂದ ಅದೇನಿ."

ದಿನ ಕಳೆದಂತೆ ನಾನು ದೇವರ ಹಿಪ್ಪರಗಿಯವರೆಗೆ ಬಂದೆ. ಒಂದು ದಿನ ಚೆನ್ನಾಗಿದ್ದೇನೆಂದು ಹುರುಪಿನಲ್ಲಿ ಬಹಳ ತುಳಿದು, ಎರಡು ದಿನ ಹಾಸಿಗೆಯಿಂದ ಏಳಲಿಲ್ಲ. ಹಿಪ್ಪರಗಿಯಲ್ಲಿ ಬಸ್ಸು ಕೆಟ್ಟಿದೆ ಎಂದು ವಿಜಯಾ ಅಪ್ಪನಿಗೆ ವರದಿ ಒಪ್ಪಿಸಿದಳು.

ಆಳವಾದ ನಿದ್ದೆ ಬರತೊಡಗಿತ್ತು. ಆ ನಿದ್ದೆಯ ಬಗ್ಗೆ ಹೇಗೆ ಹೇಳಲಿ? ಬಾವಿಯ ತಳಕ್ಕೆ ಕೊಡ ಮುಟ್ಟಿ ತುಂಬಿಕೊಂಡು ಮೇಲೆ ಬಂದ ಹಾಗೆ. ಒಂದು ಬೆಳಿಗ್ಗೆ ಎಚ್ಚರವಾದಾಗ ವಿಜಯಾಳ ತಲೆ ನನ್ನ ತೋಳಿನ ಮೇಲಿತ್ತು, ಅವಳ ಕಾಲು ನನ್ನ ಹೊಟ್ಟೆಯ ಮೇಲಿತ್ತು. ಯಾವಾಗ ಬಂದಿದ್ದಳೋ. ಕೇಳಿರಲಿಲ್ಲ. ನನಗೆ ಗೊತ್ತೂ ಆಗಿರಲಿಲ್ಲ. ಸಾಲಿಗೆ ತಡವಾದರೂ ಅವಳನ್ನು ಎಬ್ಬಿಸಲಿಲ್ಲ.

ಅಷ್ಟರಲ್ಲಿ ಒಂದು ಎಡವಟ್ಟಾಯಿತು. ಬಸುರಿ ನಾದಿನಿಯ ಕುಬಸದ ಕಾರ್ಯಕ್ಕೆ ಮುದ್ದೇಬಿಹಾಳಕ್ಕೆ ಹೋಗಿದ್ದಾಗ ರಾತ್ರಿಯ ಗುಳಿಗೆ ಮುಗಿದಿತ್ತು. ಈರಣ್ಣನವರು ಔಷಧ ಅಂಗಡಿಗೆ ಹೋದರು. ಚೀಟಿ ನೋಡಿದ ಅಂಗಡಿಯವನು, ಅಲ್ಲೇ ನಿಂತಿದ್ದ ನಮ್ಮ ಬೀಗರ ಎದುರಿಗೇ, ನಿಮ್ಮ ಮನೆಯಲ್ಲಿ ಯಾರಿಗೆ ತಲೆ ಕೆಟ್ಟಿದೆ ಎಂದು ಕೇಳಿದನಂತೆ. ಅದು ಮನಸ್ಸಿನ ಕಾಯಿಲೆಗೂ ಕೊಡುವ ಗುಳಿಗೆ, ನಮಗೆ ಗೊತ್ತಿತ್ತು. ಡಾಕ್ಟರಬಾಯಿ ಮೊದಲೇ ಹೇಳಿದ್ದರು, ನನಗೆ ಕೊಟ್ಟದ್ದು ಬಹಳ ಸಣ್ಣ ಪ್ರಮಾಣ, ನೋವಿಗೆ ಮತ್ತು ನಿದ್ದೆಗೆ. ಆದರೆ ಸಂಜೆಯ ಹೊತ್ತಿಗೆ ಕುಬಸಕ್ಕೆ ಬಂದ ಹೆಂಗಸರೆಲ್ಲ ನಾನು ಒಳಗೆ ಬಂದರೆ ಮಾತು ನಿಲ್ಲಿಸುತ್ತಿದ್ದರು. ಬಸುರಿಯ ಉಡಿ ತುಂಬುವಾಗ ನನ್ನನ್ನು ಕರೆಯಲಿಲ್ಲ. ನಾನು ಸಿಂದಗಿಗೆ ಬಂದು, ಅಲ್ಲಿಂದ ತಂದ ಗುಳಿಗೆಯನ್ನು ಪೆಟ್ಟಿಗೆಯಲ್ಲಿಟ್ಟು, ನುಂಗುವುದನ್ನೇ ಬಿಟ್ಟುಬಿಟ್ಟೆ. ಗಂಡನಿಗೂ ಹೇಳಲಿಲ್ಲ.

ನೋವು ದಾರಿ ಮರೆತಿರಲಿಲ್ಲ, ಮರಳಿ ಬಂತು. ಹಿತ್ತಲಿನ ಸೈಕಲ್ಲಿನ ಮೇಲೆ ಕೋಳಿ ಕೂರತೊಡಗಿತು. ಆಗ ನನ್ನ ಅತ್ತೆ ಮುದ್ದೇಬಿಹಾಳದಿಂದ ಬಸ್ಸು ಹತ್ತಿ ಬಂದರು. ಓದು ಬರಹ ಬಾರದವರು, ಮಾತು ಕಡಿಮೆ, ನನ್ನ ಡ್ರಿಲ್ ನೌಕರಿಯನ್ನು ಒಪ್ಪಿಯೂ ಇರಲಿಲ್ಲ, ಬೇಡವೆಂದೂ ಇರಲಿಲ್ಲ. ನಾನು ಗೋಡೆ ಹಿಡಿದು ನಡೆಯುವುದನ್ನು ಒಂದು ದಿನ ಸುಮ್ಮನೆ ನೋಡಿದರು. ಮರುದಿನ ಊಟಕ್ಕೆ ಕೂತಾಗ ಗುಳಿಗೆ ಎಲ್ಲಿ ಎಂದು ಕೇಳಿದರು. ಬಿಟ್ಟಿದ್ದೇನೆ, ಅದು ಹುಚ್ಚರಿಗೆ ಕೊಡುವುದಂತೆ, ಮಂದಿ ಆಡಿಕೊಳ್ಳುತ್ತಾರೆ ಎಂದೆ. ಅತ್ತೆ ರೊಟ್ಟಿಯ ತುಂಡನ್ನು ತಟ್ಟೆಗೆ ವಾಪಸು ಇಟ್ಟರು.

"ಆ ಗುಳಿಗಿ ತಗೊಂಡು ಹುಚ್ಚರಿಗೆ ಛಲೋ ನಿದ್ದಿ ಬರತೈತಿ ಅಂದ್ರ ಅವರ ಶಾಣ್ಯಾರು," ಅಂದರು. "ಮಂದಿ ಬಂದು ನಿನ್ನ ಮೈ ಹೊತಗೋತಾರೇನು? ನುಂಗು."

ತಾವೇ ಎದ್ದು ಹೋಗಿ ಪೆಟ್ಟಿಗೆಯಿಂದ ಗುಳಿಗೆ ತಂದು, ನೀರಿನ ತಂಬಿಗೆ ಹಿಡಿದು ಎದುರು ನಿಂತರು. ನಾನು ನುಂಗಿದೆ. ನಾನು ಮತ್ತೆ ಸೈಕಲ್ಲು ಹತ್ತುವವರೆಗೆ ಅವರು ಸಿಂದಗಿಯಲ್ಲೇ ಉಳಿದರು. ಕೋಳಿಯನ್ನು ಓಡಿಸಿದವರೂ ಅವರೇ.

ಯುಗಾದಿ ಬರುವುದರೊಳಗೆ ಸ್ಟೀರಾಯ್ಡ್ ಪೂರ್ತಿ ನಿಂತಿತ್ತು. ಮುಖ ನನ್ನ ಮುಖವಾಯಿತು. ಮನೆಯಿಂದ ಶಾಲೆಗೆ ನಡೆದು ಹೋಗಿ ನಡೆದು ಬರುತ್ತಿದ್ದೆ. ವಿಜಯಾಳ ಲೆಕ್ಕದಲ್ಲಿ ನಾನು ಹಿತ್ತಲಿನ ಸೈಕಲ್ಲಿನಲ್ಲಿ ಬಾಗೇವಾಡಿ ದಾಟಿ, ಗೊಳಸಂಗಿಯ ಕಡೆಗೆ ಹೊರಟಿದ್ದೆ.

ಬೇಸಿಗೆಯಲ್ಲಿ ವಿಜಾಪುರಕ್ಕೆ ಕರೆ ಬಂತು. ದವಾಖಾನೆಯ ಹೊರಗಿನ ಬೆಂಚಿನ ಮೇಲೆ ನನ್ನ ಜೊತೆ ಬೇರೆ ಬೇರೆ ಇಲಾಖೆಯವರು ಕೂತಿದ್ದರು. ಒಬ್ಬ ಪೊಲೀಸ ಪೇದೆ, ಊರ ಲೆಕ್ಕಪತ್ರ ಬರೆಯುವ ಒಬ್ಬ ತಲಾಟಿ, ಬೆನ್ನು ಹಿಡಿದುಕೊಂಡ ಒಬ್ಬ ಬಸ್ ಡ್ರೈವರ. ಕೆಲವರಿಗೆ ನೌಕರಿ ಬಿಡುವ ಆಸೆ, ಕೆಲವರಿಗೆ ಉಳಿಸಿಕೊಳ್ಳುವ ಆಸೆ. ಒಳಗೆ ದೊಡ್ಡ ಡಾಕ್ಟರರು ನನ್ನ ಕೈ ಮಡಚಿಸಿದರು, ಬಿಚ್ಚಿಸಿದರು. ಕೂರಿಸಿ ಎಬ್ಬಿಸಿದರು. ಸಂಧಿವಾತದ ಎಕ್ಸ್‌ರೇ ನೋಡಿ ಹುಬ್ಬೇರಿಸಿದರು. ಸೊಲ್ಲಾಪುರದ ಕಾಗದ ಓದಿ ಮಡಚಿಟ್ಟರು. ಅವರು ಈ ಎರಡನೆಯ ಜಡ್ಡನ್ನು ನಂಬುವವರೋ ಅಲ್ಲವೋ ನನಗೆ ತಿಳಿಯಲಿಲ್ಲ. ಕೊನೆಗೆ ಕೇಳಿದರು, "ಏನ್ ಕಲಸ್ತೀರಿ ನೀವು?"

"ಡ್ರಿಲ್ ರಿ."

"ಮಾಡಿ ತೋರಸ್ತೀರೇನು?"

ನಾನು ಕೋಣೆಯ ನಡುವೆ ಬಂದು ನಿಂತೆ. ಸೆರಗು ಸೊಂಟಕ್ಕೆ ಸಿಕ್ಕಿಸಿದೆ. ಒಂದೂವರೆ ವರ್ಷದಿಂದ ಮೈದಾನದಲ್ಲಿ ಕುರ್ಚಿಯಿಂದಲೇ ಕೂಗಿ ಕೂಗಿ ಸೊರಗಿದ್ದ ಗಂಟಲು ಅದು. ಉಸಿರು ತುಂಬಿಕೊಂಡು, ಬಾಗಿಲ ಆಚೆಗೂ ಕೇಳುವ ಹಾಗೆ, "ಸಾವಧಾನ್" ಅಂದೆ. ಕೈ ಮುಂದೆ, ಕೈ ಮೇಲೆ, ಕೈ ಪಕ್ಕಕ್ಕೆ, ಬಗ್ಗಿ ನೆಲ ಮುಟ್ಟುವುದು, ಜಿಗಿದು ಕಾಲು ಅಗಲಿಸುವುದು, ಒಂದೊಂದಕ್ಕೂ ನಾನೇ ಆಜ್ಞೆ ಕೊಟ್ಟು ನಾನೇ ಮಾಡಿದೆ. ಹೆಗಲು ಎಳೆಯಿತು. ಎಳೆಯಲಿ ಎಂದು ಮೇಲೆತ್ತಿದೆ. "ವಿಶ್ರಾಮ್" ಅಂದು ನಿಂತಾಗ ದೊಡ್ಡ ಡಾಕ್ಟರರು ನಗುತ್ತ ಬಾಗಿಲ ಕಡೆ ನೋಡುತ್ತಿದ್ದರು. ಹೊರಗೆ ಆ ಪೊಲೀಸ ಪೇದೆ, ಅನಾರೋಗ್ಯದ ಕಾರಣ ನೌಕರಿ ಬಿಡಲು ಬಂದವನು, ನನ್ನ ದನಿ ಕೇಳಿ ಅಭ್ಯಾಸಬಲದಿಂದ ಬೆಂಚಿನಿಂದೆದ್ದು ಹಿಮ್ಮಡಿ ಜೋಡಿಸಿ ಸೆಟೆದು ನಿಂತಿದ್ದ.

ನನ್ನ ಮೈ ಯೋಗ್ಯವೆಂದು ಬರೆದು ಸಹಿ ಹಾಕಿದರು. ಆ ಪೇದೆಯ ಅರ್ಜಿ ಏನಾಯಿತೋ ನನಗೆ ತಿಳಿಯದು.

ಶಾಲೆ ಶುರುವಾದ ದಿನ ಹೆಡ್ ಬಾಯೋರು ಮೈದಾನಕ್ಕೆ ಬಂದರು. ಕುರ್ಚಿ ಹಾಕಿಸಲೇ ಎಂದು ಕೇಳಿದರು, ಚುಚ್ಚಲು ಅಲ್ಲ, ಕಾಳಜಿಯಿಂದ. ಹಾಕಿಸಿ, ಬೇಕಾದಾಗ ಕೂರುತ್ತೇನೆ ಅಂದೆ. ಹಾಗೆಯೇ ಮಾಡಿದೆ. ದಣಿದಾಗ ಕೂತೆ, ದಣಿವಾರಿದಾಗ ಎದ್ದೆ. ಮೊದಲಿನಂತೆ ಹುಡುಗಿಯರನ್ನು ಬೆನ್ನಟ್ಟಿ ಓಡಲು ಆಗಲಿಲ್ಲ, ಅದು ಇಂದಿಗೂ ಆಗುವುದಿಲ್ಲ. ಬಲಗೈಯ ಎರಡು ಬೆರಳು ಸ್ವಲ್ಪ ಸೊಟ್ಟಗಾಗಿಯೇ ಉಳಿದಿವೆ. ಸಂಧಿವಾತ ನನ್ನೊಡನೆ ಇದೆ, ಎರಡನೆಯದೂ ಇದೆ, ಮೋಡ ಕವಿದ ದಿನ ಎರಡೂ ಮಾತಾಡಿಕೊಳ್ಳುತ್ತವೆ. ಆದರೆ ಯಾವುದು ಯಾವುದೆಂದು ನನಗೀಗ ಗೊತ್ತು. ಯಾವುದಕ್ಕೆ ಡಾಕ್ಟರರ ಹತ್ತಿರ ಓಡಬೇಕು, ಯಾವುದಕ್ಕೆ ಬಿಸಿನೀರು ಕಾಸಿಕೊಂಡು, ಊಟ ಮಾಡಿ, ಬೇಗ ಮಲಗಬೇಕು ಎಂಬುದು ಗೊತ್ತು. ಆ ವರ್ಷ ನಮ್ಮ ಹುಡುಗಿಯರು ತಾಲೂಕಿನ ಖೊಖೊ ಪಂದ್ಯ ಗೆದ್ದರು. ಗೆದ್ದವರು ಬಂದು ನನ್ನ ಮೇಲೆ ಬಿದ್ದು ಅಪ್ಪಿಕೊಂಡರು. ಯಾರೂ ಕೇಳಿ ಅಪ್ಪಿಕೊಳ್ಳಲಿಲ್ಲ.

ಶ್ರಾವಣದಲ್ಲಿ ಪಂಚಮಿಗೆಂದು ಬಾಗೇವಾಡಿಯ ತವರಿಗೆ ಹೋದೆ. ಇಂಡಿಯಿಂದ ಅಕ್ಕನೂ ಬಂದಿದ್ದಳು. ಹಬ್ಬದ ಶೇಂಗಾ ಉಂಡಿ ತಿಂದು ಮುಗಿದಿತ್ತು. ಅಂಗಳದಲ್ಲಿ ಓಣಿಯ ಹುಡುಗಿಯರು ಫುಗಡಿ ಆಡುತ್ತಿದ್ದರು. ಇಬ್ಬರು ಎದುರುಬದುರು ನಿಂತು, ಕೈಗಳನ್ನು ಕತ್ತರಿ ಹಾಕಿ ಹಿಡಿದು, ಕಾಲು ಜೋಡಿಸಿ, ಮೈಯನ್ನು ಹಿಂದಕ್ಕೆ ಚೆಲ್ಲಿ ಗರಗರ ಸುತ್ತುವ ಆಟ. ಮದುವೆಗೆ ಮುಂಚೆ ನಾನೂ ಅಕ್ಕನೂ ಈ ಆಟದಲ್ಲಿ ಓಣಿಗೇ ಹೆಸರಾಗಿದ್ದವರು. ನಾನು ಎದ್ದು ಹೋಗಿ ಅಕ್ಕನ ಮುಂದೆ ಎರಡೂ ಕೈ ಚಾಚಿದೆ. ಅವಳು ತನ್ನ ಕೈಗಳನ್ನು ಬೆನ್ನ ಹಿಂದೆ ಮುಚ್ಚಿಕೊಂಡಳು.

"ಬ್ಯಾಡ ಸರೂ. ನಿನ್ನ ಬೆರಳಿಗೆ ಏನರೆ ಆದ್ರ?"

"ಹಿಡಿ," ಅಂದೆ.

ಹಪ್ಪಳ ಹಿಡಿಯುವಂತೆ ಬೆರಳ ತುದಿಯಲ್ಲಿ ಹಿಡಿದಳು. ನಾನು ಕಾಲು ಜೋಡಿಸಿ ಹಿಂದಕ್ಕೆ ವಾಲಿದೆ. ಅವಳು ಬಿಗಿಯಾಗಿ ಹಿಡಿಯದೆ ಬೇರೆ ದಾರಿಯೇ ಇರಲಿಲ್ಲ, ಸಡಿಲ ಬಿಟ್ಟರೆ ನಾನು ಕಲ್ಲಿನ ಮೇಲೆ ಬೀಳುತ್ತಿದ್ದೆ. ಅವಳ ಹಿಡಿತ ನನ್ನ ಮುಂಗೈವರೆಗೂ ಏರಿ ಗಟ್ಟಿಯಾಯಿತು. ಸುತ್ತಿದೆವು. ಮನೆಯ ಮಾಡು, ಬೇವಿನ ಗಿಡ, ಕಟ್ಟೆಯ ಮೇಲೆ ಕೂತ ಅವ್ವ, ಚಪ್ಪಾಳೆ ಹೊಡೆಯುತ್ತಿದ್ದ ವಿಜಯಾ, ಎಲ್ಲ ಒಂದಾಗಿ ಕಲಸಿಹೋದವು. ಅಕ್ಕನ ಮುಖ ಮಾತ್ರ ಎದುರಿಗೆ ಸ್ಥಿರವಾಗಿತ್ತು, ಹೆದರಿತ್ತು, ಆಮೇಲೆ ಹೆದರಿಕೆ ಬಿಟ್ಟು ನಗತೊಡಗಿತು. ಉಸಿರು ಸಿಕ್ಕದೆ ನಿಂತಾಗ ಇಬ್ಬರೂ ತೂರಾಡಿ ಒಬ್ಬರಿಗೊಬ್ಬರು ಆತುಕೊಂಡೆವು. ಅವಳು ನನ್ನ ಕೈಗಳನ್ನು ತಿರುಗಿಸಿ ತಿರುಗಿಸಿ ನೋಡಿದಳು.

"ನೋವಾತೇನ?"

"ಆತು," ಅಂದೆ. "ಬಾ, ಇನ್ನೊಂದು ಸುತ್ತು."